ಎಸ್ಸೆಸ್ಸೆಲ್ಸಿಯಿಂದ ಕಾಲೇಜಿಗೆ: ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮಕ್ಕಳಿಗೆ ಮೊದಲೇ ತಿಳಿದಿರಬೇಕಾದದ್ದು

ಸಿಂಧನೂರಿನ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಿಂದ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಆಸುಪಾಸಿನಿಂದ, ಮಸ್ಕಿಯ ಒಣ ಬೇಸಾಯದ ಹಳ್ಳಿಗಳಿಂದ ಕಾಲೇಜಿನ ಮೆಟ್ಟಿಲು ಹತ್ತುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲೇ ಮೊದಲಿಗರು. ಪಾಠ ಹೇಳುವ ಮೇಷ್ಟ್ರು ಅವರಿಗೆ ಸಿಗುತ್ತಾರೆ. ಯಾವ ಕಾಗದ ಯಾವಾಗ ಬೇಕು, ಯಾವ ಕಾಂಬಿನೇಷನ್ ತೆಗೆದುಕೊಂಡರೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಹೇಳುವವರು ಸಿಗುವುದು ಕಷ್ಟ. ಪದವಿ ಮುಗಿಸಿದವರು 'ಹತ್ತನೇ ತರಗತಿಯಲ್ಲಿದ್ದಾಗಲೇ ಇದು ಗೊತ್ತಿದ್ದರೆ' ಎಂದು ನೆನೆಯುವ ವಿಷಯಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹದಿನೈದರ ವಯಸ್ಸಿನ ನನಗೆ ನಾನೇ ಹೇಳಬಹುದಾಗಿದ್ದರೆ ಅಂಕಗಳ ಮಾತಿಗಿಂತ ಮೊದಲು ಇವನ್ನೇ ಹೇಳುತ್ತಿದ್ದೆ.

ಎಂಟನೇ ತರಗತಿಯ ಒಂದು ನಿರ್ಧಾರ

ಕರ್ನಾಟಕದ ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಷರತ್ತು ಒಂದೇ ಬಗೆಯದು. ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಇಲ್ಲವೇ ಕನ್ನಡ ಮಾಧ್ಯಮದಲ್ಲಿ ಓದಿರಬೇಕು.

ಏಳನೇ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗನನ್ನು 'ಚೆನ್ನಾಗಿ ಓದಲಿ' ಎಂದು ಎಂಟನೇ ತರಗತಿಗೆ ಸಿಂಧನೂರು ನಗರದ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಅಂದಿಗೇ ಅವನು ಎರಡೂ ಮೀಸಲಾತಿಯಿಂದ ಹೊರಬಿದ್ದ. ಪಟ್ಟಣದ ಶಾಲೆ ಬೇಡವೆಂದು ನಾನು ಹೇಳುತ್ತಿಲ್ಲ. ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರೇ ಇಲ್ಲದಿದ್ದರೆ ಮಗುವನ್ನು ಅಲ್ಲಿಂದ ಬಿಡಿಸುವುದೇ ಸರಿ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ತಂದೆ-ತಾಯಿಗೆ ಆಗಲೇ ತಿಳಿದಿರಬೇಕು. ಷರತ್ತು ಪೂರೈಸಿದವರು ಶಾಲೆಯ ವ್ಯಾಸಂಗ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಮಾಡಿಸಿ ಇಟ್ಟುಕೊಳ್ಳಬೇಕು. ಎರಡು ಮೂರು ಶಾಲೆಗಳಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ತರಬೇಕು.

371(ಜೆ): ಈ ಭಾಗದವರ ಹಕ್ಕು

1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಕಲ್ಯಾಣ ಕರ್ನಾಟಕದ ಭಾಗವಾದ ನಮ್ಮ ಈ ಪ್ರದೇಶ ಶಾಲೆ-ಕಾಲೇಜುಗಳಲ್ಲಿ ಹಿಂದುಳಿಯಿತು. ಇದನ್ನು ಸರಿಪಡಿಸಲು ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದು, 2013ರಲ್ಲಿ ಜಾರಿಯಾಯಿತು. ಇದರಂತೆ ಕಲ್ಯಾಣ ಕರ್ನಾಟಕದೊಳಗಿನ ಸೀಟುಗಳಲ್ಲಿ ಶೇ 70, ಹೊರಗಿನ ಜಿಲ್ಲೆಗಳ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಈ ಭಾಗದವರಿಗೆ ಮೀಸಲು. ಬೆಂಗಳೂರಿನಲ್ಲಿ ಓದುವ ಆಸೆಯಿದ್ದವರಿಗೂ 371(ಜೆ) ಅರ್ಹತಾ ಪ್ರಮಾಣ ಪತ್ರ ಬೇಕಾಗುವುದು ಆ ಶೇ 8ಕ್ಕಾಗಿ.

ಈ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಮೂರೂ ತಾಲ್ಲೂಕುಗಳಿಗೆ ಉಪವಿಭಾಗದ ಕೇಂದ್ರ ಲಿಂಗಸುಗೂರು. ಈ ಭಾಗದಲ್ಲಿ ಹುಟ್ಟಿದವರು, ನಿಗದಿತ ವರ್ಷಗಳಿಂದ ಇಲ್ಲಿ ನೆಲೆಸಿದವರು, ಅಂಥವರ ಮಕ್ಕಳು ಅರ್ಹರು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರ ಮಕ್ಕಳಾಗಲಿ, ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಯಾದ ಬಂಗಾಳಿ ಕುಟುಂಬಗಳ ಮಕ್ಕಳಾಗಲಿ, ಇಲ್ಲೇ ಹುಟ್ಟಿದ್ದರೆ 'ನಮಗೆ ಸಿಗುವುದಿಲ್ಲ' ಎಂದು ಸುಮ್ಮನೆ ಕೂರಬಾರದು. ಗ್ರಾಮ ಮಟ್ಟದ ವರದಿ, ತಹಶೀಲ್ದಾರ್ ಕಚೇರಿ, ಉಪವಿಭಾಗ ಎಂದು ಅರ್ಜಿ ಮೇಜಿನಿಂದ ಮೇಜಿಗೆ ಸಾಗುವುದರಿಂದ ಪಿಯು ಮೊದಲ ವರ್ಷದಲ್ಲೇ ಮಾಡಿಸುವುದು ಒಳ್ಳೆಯದು. ಫಲಿತಾಂಶ ಬಂದ ವಾರ ಕಚೇರಿಯ ಮುಂದೆ ಸೇರುವ ಗುಂಪಿನಲ್ಲಿ ನಿಲ್ಲುವ ಕಷ್ಟ ಆಗ ತಪ್ಪುತ್ತದೆ.

ಹೆಸರು, ಆರ್‌ಡಿ ಸಂಖ್ಯೆ, ಫೋನು

ಆಧಾರ್‌ನಲ್ಲಿ 'ಬಸವರಾಜ', ಶಾಲೆಯ ದಾಖಲೆಯಲ್ಲಿ 'ಬಸಪ್ಪ', ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಸೇರಿಸಿ ಇನ್ನೊಂದು. ನಮ್ಮ ಕಡೆ ಇದು ಮನೆ ಮನೆಯ ಕಥೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಮುಖ್ಯೋಪಾಧ್ಯಾಯರ ಬಳಿ ಕೂತು ತನ್ನ ಹೆಸರು, ತಂದೆ-ತಾಯಿಯ ಹೆಸರು, ಜನ್ಮದಿನಾಂಕವನ್ನು ಅಕ್ಷರ ಅಕ್ಷರವಾಗಿ ನೋಡಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಓಡಾಟದ ಕೆಲಸ.

ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿದಾಗ ಅದರ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಅರ್ಜಿ, ವಿದ್ಯಾರ್ಥಿವೇತನ, ಹಾಸ್ಟೆಲ್ ಎಲ್ಲಕ್ಕೂ ಕೇಳುವುದು ಈ ಸಂಖ್ಯೆಯನ್ನೇ. ಆದಾಯ ಪತ್ರಕ್ಕೆ ಅವಧಿ ಇರುವುದರಿಂದ ಅರ್ಜಿ ಹಾಕುವ ದಿನ ಅದು ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು.

ಇನ್ನೊಂದು ಸಣ್ಣ ವಿಷಯ ದೊಡ್ಡ ತೊಂದರೆ ತರುತ್ತದೆ. ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬುವವನು ಅವಸರದಲ್ಲಿ ತನ್ನ ಮೊಬೈಲ್ ನಂಬರನ್ನೇ ಹಾಕಿಬಿಡುತ್ತಾನೆ. ಸೀಟು ಹಂಚಿಕೆಯ ದಿನ ಒಟಿಪಿ ಅವನ ಫೋನಿಗೆ ಹೋಗುತ್ತದೆ, ವಿದ್ಯಾರ್ಥಿ ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಕೂತಿರುತ್ತಾನೆ. ಮನೆಯಲ್ಲಿ ಸದಾ ಉಳಿಯುವ ಒಂದೇ ನಂಬರು ಕೊಡಿ. ಗುಳೆ ಹೋಗುವ ಮನೆಯಾದರೆ ಆ ಸಿಮ್ಮು ಓದುವ ಮಗುವಿನ ಕೈಯಲ್ಲಿರಲಿ.

ಕಾಂಬಿನೇಷನ್ ಆಯ್ಕೆ

ವಿಜ್ಞಾನಕ್ಕೆ ಹೋಗುವವರು ಇನ್ನೂ ಮನಸ್ಸು ಗಟ್ಟಿ ಮಾಡಿರದಿದ್ದರೆ ಪಿಸಿಎಂಬಿ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ) ತೆಗೆದುಕೊಳ್ಳುವುದೇ ಲೇಸು. ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶದ ನೀಟ್, ಕೃಷಿ ಮೂರೂ ತೆರೆದಿರುತ್ತವೆ. ಜೀವವಿಜ್ಞಾನ ಬಿಟ್ಟು ಕಂಪ್ಯೂಟರ್ ಹಿಡಿದರೆ ವೈದ್ಯಕೀಯ ಮತ್ತು ಕೃಷಿಯ ದಾರಿ ಬಹುತೇಕ ಮುಚ್ಚಿತು. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾಕ್ಕೆ ಹೋದವರನ್ನು ಊರಲ್ಲಿ ಕಡಿಮೆಯಾಗಿ ಕಾಣುತ್ತಾರೆ. ಅದು ತಪ್ಪು. ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ.

ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ

ಹೆಚ್ಚು ಮಕ್ಕಳು ಧೈರ್ಯಗೆಡುವುದು ಇಲ್ಲಿ. ಹತ್ತನೇ ತರಗತಿಯಲ್ಲಿ ತೊಂಬತ್ತು ತೆಗೆದ ಹುಡುಗಿ ಪಿಯು ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗಿ 'ನನ್ನ ತಲೆ ಅಷ್ಟೇ' ಎಂದುಕೊಳ್ಳುತ್ತಾಳೆ. ತಲೆಯಲ್ಲಿ ಏನೂ ಕೊರತೆಯಿಲ್ಲ ತಂಗಿ, ಬದಲಾಗಿದ್ದು ಪುಸ್ತಕದ ಭಾಷೆ.

ಏಪ್ರಿಲ್, ಮೇ ತಿಂಗಳ ರಜೆಯನ್ನು ಇದಕ್ಕೇ ಇಡಬಹುದು. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಕನ್ನಡ ಆವೃತ್ತಿಯನ್ನೂ ಇಂಗ್ಲಿಷ್ ಆವೃತ್ತಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದು ಪುಟ ಓದುವುದು. ಪಾಠ ಮೊದಲೇ ಗೊತ್ತಿರುವುದರಿಂದ ಇಂಗ್ಲಿಷ್ ವಾಕ್ಯ ತಾನೇ ಬಿಡಿಸಿಕೊಳ್ಳುತ್ತದೆ. ಎಡಗಡೆ ವೇಗೋತ್ಕರ್ಷ, ಬಲಗಡೆ ಆಕ್ಸೆಲರೇಷನ್ ಎಂದು ಒಂದು ನೋಟ್‌ಬುಕ್ ತುಂಬಿದರೆ ಜೂನ್‌ನಲ್ಲಿ ತರಗತಿ ಅರ್ಧ ಪರಿಚಿತವಾಗಿರುತ್ತದೆ. ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. ಗೈಡುಗಳಿಗಿಂತ ಮೊದಲು ಅದನ್ನು ಓದಬೇಕು. ಸಿಇಟಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ನೀಟ್ ಅನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದು. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಪಿಯು ಪರೀಕ್ಷೆಯನ್ನು ಪಾಸಾದರೆ ಸಾಕೆಂದು ಕಡೆಗಣಿಸಬಾರದು.

ಹೊಲದ ತಿಳಿವಳಿಕೆಗೂ ಅಂಕ ಇದೆ

ರಾಯಚೂರು ಕೃಷಿ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಎದುರಿಗಿಟ್ಟ ಬೀಜ ಯಾವುದು, ಕಳೆ ಯಾವುದು, ಗೊಬ್ಬರ ಯಾವುದು, ಈ ಸಲಕರಣೆ ಯಾತಕ್ಕೆ ಎಂದು ಗುರುತಿಸಬೇಕು. ತೊಗರಿ, ಸಜ್ಜೆ, ಜೋಳದ ನಡುವೆ ಬೆಳೆದು, ಕೂರಿಗೆ, ಕುಂಟೆ, ರೆಂಟೆ ಹಿಡಿದ ಮಗುವಿಗೆ ಇದರ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ. ಆದರೂ ಸಿಂಧನೂರಿನ ಭತ್ತದ ಸೀಮೆಯ ಮಗು ಮಸ್ಕಿಯ ಕಡೆಯ ಬೀಜಗಳನ್ನೂ ಕೈಯಲ್ಲಿ ಹಿಡಿದು ನೋಡಿರಬೇಕು.

ದುಡ್ಡು, ಹಾಸ್ಟೆಲ್, ಬಸ್ಸು

ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ರೈತರ ಮಕ್ಕಳಿಗಾಗಿ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಪೋಷಕರ ಫ್ರೂಟ್ಸ್ (ರೈತರ ನೋಂದಣಿ) ಸಂಖ್ಯೆ ಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ನೆರವಾಗುವ ವಿದ್ಯಾಸಿರಿ ಯೋಜನೆ ತಿಂಗಳಿಗೆ ₹1,500ರಂತೆ ಹತ್ತು ತಿಂಗಳು ಕೊಡುವುದಾಗಿ ಆರಂಭವಾಯಿತು. ಮನೆಯಿಂದಲೇ ಹೋಗಿಬರುವುದಾದರೆ ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳಿವೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಆದರೆ ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಸೇರುವ ಮೊದಲೇ ಕೇಳಿಕೊಳ್ಳಿ. ಎಷ್ಟೋ ಹುಡುಗಿಯರ ಓದು ನಿಂತಿರುವುದು ಆ ಬಸ್ಸು ತಪ್ಪಿದ್ದಕ್ಕೆ.

ಆಪ್ಷನ್ ಎಂಟ್ರಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಕೊಡುವುದು ರ‍್ಯಾಂಕ್ ಮತ್ತು ಆಪ್ಷನ್ ಎಂಟ್ರಿಯಲ್ಲಿ ನೀವು ಬರೆದ ಕಾಲೇಜುಗಳ ಕ್ರಮ ನೋಡಿ. ಮೊದಲು ಬರೆದ ಕಾಲೇಜು ಸಿಕ್ಕರೆ ಕೆಳಗಿನದನ್ನು ಅದು ನೋಡುವುದೇ ಇಲ್ಲ. ಆದ್ದರಿಂದ ಆ ಪಟ್ಟಿಯನ್ನು ಸೆಂಟರಿನವನ ಕೈಗೆ ಬಿಡದೆ, ಮನೆಯಲ್ಲಿ ಕೂತು ಕಾಗದದ ಮೇಲೆ ಬರೆದುಕೊಂಡು ಹೋಗಬೇಕು. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿದೆ. ಸೀಟು ಬಂದಾಗ ಒಂದನೇ ಚಾಯ್ಸ್ ಎಂದರೆ ಒಪ್ಪಿ ಸೇರುವುದು, ಎರಡನೆಯದು ಸೀಟು ಉಳಿಸಿಕೊಂಡು ಮುಂದಿನ ಸುತ್ತು ಕಾಯುವುದು, ಮೂರನೆಯದು ಸೀಟು ಬಿಟ್ಟು ಕಾಯುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಮೂರನೆಯದನ್ನು ಒತ್ತುವ ಮುನ್ನ ಒಮ್ಮೆ ಉಪನ್ಯಾಸಕರನ್ನು ಕೇಳಿ.

ಈ ಊರುಗಳಿಂದ ಓದಿ ಕೆಲಸ ಹಿಡಿದವರಲ್ಲಿ ಒಂದು ವಿನಂತಿ. ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದಾಗ ನಿಮ್ಮ ಶಾಲೆಯ ಹತ್ತನೇ ತರಗತಿಗೆ ಒಂದು ಗಂಟೆ ಹೋಗಿ, ಅಲ್ಲಿನ ಮಕ್ಕಳ ಆಧಾರ್, ಆರ್‌ಡಿ ಸಂಖ್ಯೆ ಸರಿಯಾಗಿವೆಯೇ, 371(ಜೆ) ಪತ್ರದ ತಯಾರಿ ಆಗಿದೆಯೇ ಎಂದು ಒಬ್ಬೊಬ್ಬರದನ್ನೂ ನೋಡಿಕೊಡಿ.