ಕಲ್ಲು, ಬನ, ಕವಿಶೈಲ: ಮಲೆನಾಡಿನ ನೆನಪಿನ ತಾಣಗಳು

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯಲ್ಲಿ ಕುವೆಂಪು ಅವರ ಮನೆಯ ಹಿಂದಿನ ಗುಡ್ಡ ಏರಿದರೆ ಕವಿಶೈಲ ಸಿಗುತ್ತದೆ. ನೆತ್ತಿಯ ಹಾಸುಬಂಡೆಯ ಮೇಲೆ ಒರಟು ಕಲ್ಲುಗಳನ್ನು ವೃತ್ತಾಕಾರವಾಗಿ ನಿಲ್ಲಿಸಿ, ಜೋಡಿಗಲ್ಲುಗಳ ತಲೆಗೆ ಅಡ್ಡಗಲ್ಲು ಇಡಲಾಗಿದೆ. ನಡುವೆ ಕವಿಯ ಸಮಾಧಿ, ಸುತ್ತ ಕಾಡು. ನೋಡಿದವರು ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗೆ ಹೋಲಿಸುವುದು ವಾಡಿಕೆ. ಆದರೆ ಸತ್ತವರಿಗಾಗಿ ಕಲ್ಲು ನಿಲ್ಲಿಸುವ, ಕಾಡನ್ನು ಮುಟ್ಟದೆ ಬಿಡುವ ಪದ್ಧತಿಗಳು ಇದೇ ಸೀಮೆಯಲ್ಲಿ ಬಹಳ ಹಿಂದಿನಿಂದ ಬಂದಿವೆ. ಕವಿಶೈಲವನ್ನು ಆ ಸಾಲಿನಲ್ಲಿಟ್ಟು ನೋಡುವುದೇ ಸರಿ.

ಸಾಲಿನ ಆರಂಭ ಹೊಸನಗರ ತಾಲ್ಲೂಕಿನ ನಗರದ ಆಸುಪಾಸಿನಲ್ಲಿದೆ. ನಿಲಸ್ಕಲ್, ಬೈಸೆ ಹಾಗೂ ತೀರ್ಥಹಳ್ಳಿ ಕಡೆಯ ಆರಗದ ಬಳಿ ಬೃಹತ್ ಶಿಲಾ ಸಂಸ್ಕೃತಿಯ ನಿಲುವುಗಲ್ಲುಗಳಿವೆ. ಬಂಡೆಯಿಂದ ಸೀಳಿ ತೆಗೆದ ಚಪ್ಪಡಿಗಳನ್ನು ಕೆತ್ತನೆಯಿಲ್ಲದೆ, ನಯಗೊಳಿಸದೆ ನೆಲದಲ್ಲಿ ನೆಟ್ಟದ್ದು ಬಿಟ್ಟರೆ ಬೇರೆ ಕಟ್ಟಡವಿಲ್ಲ. ಸಂಶೋಧಕರಾದ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಕಾಮೇಶ್ವರ ರಾವ್ ಈ ನೆಲೆಗಳನ್ನು ಅಳೆದು, ಹಲವು ಜೋಡಿಗಲ್ಲುಗಳ ನೇರ ಜೂನ್ ಮತ್ತು ಡಿಸೆಂಬರ್ ತಿಂಗಳಲ್ಲಿ ಸೂರ್ಯ ತನ್ನ ಉತ್ತರ, ದಕ್ಷಿಣ ತುದಿ ಮುಟ್ಟುವ ದಿನಗಳ ಹುಟ್ಟು, ಮುಳುಗುಗಳ ಕಡೆಗಿದೆ ಎಂದು ತೋರಿಸಿದ್ದಾರೆ. ಈ ಕಲ್ಲುಗಳ ಅಡಿಯಲ್ಲೆಲ್ಲ ಶವ ಹೂತಿದೆ ಎನ್ನಲಾಗದು. ಆದರೆ ಇವನ್ನು ನೆಟ್ಟ ಸಂಸ್ಕೃತಿಯೇ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಸತ್ತವರಿಗೆ ಕಲ್ಲುಮನೆಗಳ ಊರನ್ನೇ ಕಟ್ಟಿತು.

ಮಧ್ಯಯುಗದಲ್ಲಿ ಕಲ್ಲಿಗೆ ಚಿತ್ರ ಮತ್ತು ಬರಹ ಬಂದವು. 1904ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿಗೆ ಮೀಸಲು. ಅದರಲ್ಲಿ ಸತ್ತವರ ನೆನಪಿನ ಕಲ್ಲುಗಳದೇ ದೊಡ್ಡ ಪಾಲು. ತುರು ಕಾಯುತ್ತ, ಊರು ಕಾಯುತ್ತ ಮಡಿದವನಿಗೆ ವೀರಗಲ್ಲು. ಅದರ ಕೆಳಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರರು. ಗಂಡನ ಚಿತೆಯೇರಿದವಳಿಗೆ ಬಳೆ ತೊಟ್ಟ, ಎತ್ತಿದ ಕೈಯ ಮಾಸ್ತಿಕಲ್ಲು. ಆ ಕೈಯ ಹಿಂದಿನ ಸಾವು ಎಂಥದೆಂಬುದನ್ನು ಕೆತ್ತನೆಯ ಚೆಲುವು ಮರೆಸಬಾರದು. ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನರಿಗೆ ನಿಷಿಧಿಗಲ್ಲು. ಸಾಂತರ ಅರಸರ ರಾಜಧಾನಿಯಾಗಿದ್ದ ಹುಂಚದಲ್ಲಿ ಇಂಥ ಕಲ್ಲುಗಳು ಹಲವು. ದೊಡ್ಡ ಕಟ್ಟಡವನ್ನೇ ನೆನಪಿಗೆ ಮುಡಿಪಿಟ್ಟದ್ದೂ ಉಂಟು: ಹುಂಚದ ಪಂಚಕೂಟ ಬಸದಿಯನ್ನು ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ್ದು ಅಗಲಿದ ಬಂಧುಗಳ ಪರೋಕ್ಷ ವಿನಯಕ್ಕಾಗಿ, ಎಂದರೆ ಕಣ್ಣಮುಂದಿಲ್ಲದವರಿಗೆ ಸಲ್ಲಿಸುವ ಗೌರವಕ್ಕಾಗಿ.

ಈ ಕಲ್ಲುಗಳು ಉಳಿದ ಬಗೆ ಗಮನಿಸತಕ್ಕದ್ದು. ಕೆರೆ ಏರಿ, ಊರಬಾಗಿಲು, ಗುಡಿಯ ಅಂಗಳ, ಹೀಗೆ ಜನ ದಿನವೂ ಓಡಾಡುವ ಜಾಗದಲ್ಲಿ ಅವನ್ನು ನಿಲ್ಲಿಸುತ್ತಿದ್ದರು. ನೆನಪಿಗಾಗಿ ಬೇರೆ ನೆಲ ಕಡಿದು ಸಮ ಮಾಡುತ್ತಿರಲಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ, ಕಲ್ನಾಡು ಎಂದು ಭೂಮಿ ಬಿಡುವ ರೂಢಿ ಇದ್ದುದರಿಂದ ಕಲ್ಲಿನ ಜತೆಗೆ ಒಂದು ಹೊಲವೂ ಒಂದು ಕುಟುಂಬವೂ ಇರುತ್ತಿದ್ದವು. ಸ್ಮಾರಕದ ಮುಂದಿನ ಪಾಲನೆಯನ್ನು ಇಷ್ಟು ಸ್ಪಷ್ಟವಾಗಿ ಯೋಚಿಸಿದ ಏರ್ಪಾಡು ಇಂದಿನ ಸ್ಮಾರಕ ಯೋಜನೆಗಳಲ್ಲೂ ಅಪರೂಪ.

ಕಲ್ಲಿನ ಇನ್ನೊಂದು ಪಕ್ಕದಲ್ಲಿ ಬನವಿದೆ. ಭೂತನ ಬನ, ಚೌಡಿಯ ಬನ, ನಾಗರಬನ ಇವೆಲ್ಲ ಕೊಡಲಿ ಬೀಳದ ಕಾಡಿನ ತುಂಡುಗಳು; ಒಳಗೆ ಮರದ ಬುಡದಲ್ಲಿ ನಾಲ್ಕು ಕಲ್ಲು, ಹೆಚ್ಚೆಂದರೆ ಒಂದು ಕಟ್ಟೆ. ಮಳೆ ಸುರಿಯುವ ಸೀಮೆಯಲ್ಲಿ ಇದು ಬುದ್ಧಿವಂತಿಕೆಯ ಕ್ರಮ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಹೆಂಚಿನ ಮಾಡು ಕಟ್ಟಿದರೆ ಕೈಯಾಡಿಸುತ್ತಲೇ ಇರಬೇಕು, ಗಾರೆಗೆ ಹಾವಸೆ ಹಿಡಿಯುತ್ತದೆ. ಬರಿಯ ಕಲ್ಲಿಗೆ ಆ ಚಿಂತೆಯಿಲ್ಲ. ನೀರಿನಿಂದಲೇ ಈ ತಾಣಗಳಿಗೆ ಬಂದ ದೊಡ್ಡ ಕೇಡು ಬೇರೆ ತರಹದ್ದು: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದಾಗ ಅವುಗಳ ಬನ, ಕಟ್ಟೆಗಳೂ ಮುಳುಗಿದವು. ಜನ ಪುನರ್ವಸತಿಯ ಊರಿಗೆ ಹೋದರು, ಕಾಡಿನ ತುಂಡನ್ನು ಹೊತ್ತೊಯ್ಯುವಂತಿರಲಿಲ್ಲ.

ಕುವೆಂಪು ಈ ಕಲ್ಲು, ಬನಗಳ ಲೋಕದಲ್ಲೇ ಬೆಳೆದವರು. ಮನೆಯ ಹಿಂದಿನ ಬಂಡೆಗೆ ಕವಿಶೈಲವೆಂದು ಹೆಸರಿಟ್ಟವರು ಅವರೇ. ಅಲ್ಲಿನ ಒಂದು ಬಂಡೆಯ ಮೇಲೆ ಅವರ ಹಾಗೂ ಅವರ ಗುರುಗಳಾದ ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಹೆಸರುಗಳನ್ನು ಕೆತ್ತಲಾಗಿದೆ. ಸಮಾಧಿಗಿಂತ ಎಷ್ಟೋ ಮೊದಲೇ ಅದು ಗುರುಶಿಷ್ಯರ ನೆನಪಿನ ಜಾಗವಾಗಿತ್ತು. 1994ರ ನವೆಂಬರ್‌ನಲ್ಲಿ ಕವಿ ಮೈಸೂರಿನಲ್ಲಿ ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದು ಇಲ್ಲಿ. ಮುಂದೆ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ ಶಿಲಾವೃತ್ತ ನಿಂತಿತು. ರಾಷ್ಟ್ರಕವಿಯೊಬ್ಬರಿಗೆ ಗೋಪುರವನ್ನೋ ಅಮೃತಶಿಲೆಯ ಮಂಟಪವನ್ನೋ ಕಟ್ಟುವುದು ಸುಲಭವಿತ್ತು. ಪ್ರತಿಮೆ ಇಲ್ಲದ, ಚಾವಣಿ ಇಲ್ಲದ, ಬಂಡೆಗೂ ಕಾಡಿಗೂ ಪ್ರಾಧಾನ್ಯ ಬಿಟ್ಟುಕೊಟ್ಟ ಈ ರಚನೆ ಕರ್ನಾಟಕದ ಆಧುನಿಕ ಸ್ಮಾರಕಗಳಲ್ಲಿ ಅತ್ಯಂತ ವಿವೇಕದ್ದು.

ಅದೇ 1994ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಕಾಡು ಸ್ಮಶಾನವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1915ರ ಸ್ಪರ್ಧೆಯಲ್ಲಿ ಗೆದ್ದ ಗುನ್ನಾರ್ ಆಸ್ಪ್ಲುಂಡ್, ಸಿಗುರ್ಡ್ ಲೆವೆರೆಂಟ್ಸ್ ಅಲ್ಲಿ ಪೈನ್ ಮರಗಳನ್ನು ಉಳಿಸಿಕೊಂಡೇ ಸಮಾಧಿಗಳಿಗೆ ಜಾಗ ಮಾಡಿದ್ದರು. ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ 1993ರಿಂದ ಗೋರಿಕಲ್ಲಿನ ಬದಲು ಮರ ಬೆಳೆಸುವ ಪದ್ಧತಿ ಆರಂಭವಾಗಿತ್ತು. ಯುರೋಪಿನ ನಗರಗಳು ಯೋಜನೆ ಹಾಕಿ ತಲುಪಿದ ತತ್ವ ಮಲೆನಾಡಿನ ಬನದಲ್ಲಿ ನಂಬಿಕೆಯಾಗಿ ಮೊದಲೇ ಇತ್ತು.

2007ರ ಏಪ್ರಿಲ್‌ನಲ್ಲಿ ತೀರಿಕೊಂಡ, ಕುವೆಂಪು ಅವರ ಮಗ, ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಅಂತ್ಯಸಂಸ್ಕಾರವೂ ಕುಪ್ಪಳ್ಳಿಯಲ್ಲೇ ಆಯಿತು; ಕವಿಶೈಲದ ದಾರಿಯಲ್ಲಿ, ಮರಗಳ ನಡುವೆ ಅವರ ಸ್ಮಾರಕವಿದೆ. ಕವಿಮನೆಯನ್ನು ವಸ್ತುಸಂಗ್ರಹಾಲಯವಾಗಿ ನಡೆಸುತ್ತಿರುವುದು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ. ಸುತ್ತಲ ಕಾಡಿಗೆ ಕುವೆಂಪು ಅವರ ಹೆಸರಿನ ಜೈವಿಕಧಾಮದ ರಕ್ಷಣೆ ದೊರೆತಿದೆ. ಶಿಲಾವೃತ್ತದ ಪಾಲನೆಗೆ ಬೇಕಾದ್ದು ಅಲ್ಪ: ಕಲ್ಲುಹೂವನ್ನು ಕೆರೆಯದೆ ಬಿಡುವುದು, ಮಳೆನೀರಿನ ಹರಿವನ್ನು ತಡೆಯದಿರುವುದು, ಬಂಡೆಯ ಮೇಲೆ ಹೊಸ ಹೆಸರುಗಳನ್ನು ಯಾರೂ ಗೀಚದಂತೆ ನೋಡಿಕೊಳ್ಳುವುದು, ಬರುವವರ ಅನುಕೂಲಕ್ಕೆಂದು ಕಾಂಕ್ರೀಟು ನೆತ್ತಿಗೆ ಏರದಂತೆ ತಡೆಯುವುದು.