ಖಾಲಿ ತೋಟಾದ ಲೆಕ್ಕ

ತೋಟಾ ಎಂದೊಡನೆ ನಮಗೆ 1857 ನೆನಪಾಗುವುದು ಸಹಜ. ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಆ ಎನ್‌ಫೀಲ್ಡ್ ತೋಟಾ ಕಾಗದದ್ದಾಗಿತ್ತು. ಗುಂಡು ಹಾರಿದ ಮೇಲೆ ಅದರಲ್ಲಿ ಎತ್ತಿಟ್ಟುಕೊಳ್ಳುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಕಾಗದದ ಸ್ಥಾನಕ್ಕೆ ಲೋಹ ಬಂದಾಗ ಈ ಸ್ಥಿತಿ ಬದಲಾಯಿತು. ಲೋಹದ ತೋಟಾದಲ್ಲಿ ನಾಲ್ಕು ಭಾಗಗಳು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಕುದುರೆಯೆಳೆದೊಡನೆ ಮೂರು ಮುಗಿದುಹೋಗುತ್ತವೆ. ನಾಲ್ಕನೆಯದಾದ ಕೋಶ, ತಯಾರಿಕೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದುದು, ಬಿಸಿಬಿಸಿಯಾಗಿ ಕೈಗೆ ಮರಳಿ ಬರುತ್ತದೆ. ಅದನ್ನು ಮತ್ತೆ ತುಂಬಿಕೊಂಡರೆ ಹಣ ಉಳಿಯುವುದಿಲ್ಲವೆ?

ಈ ಪ್ರಶ್ನೆಯನ್ನು ಹೊಟ್ಟೆಪಾಡಿನ ಪ್ರಶ್ನೆಯಾಗಿ ಮೊದಲು ಎದುರಿಸಿದವರಲ್ಲಿ ಅಮೆರಿಕದ ಬೈಸನ್ ಬೇಟೆಗಾರರು ಸೇರಿದ್ದರು. (ಬೈಸನ್ ಎಂದಾಗ ನಾಗರಹೊಳೆಯ ಕಾಟಿಯನ್ನು ಕಲ್ಪಿಸಿಕೊಳ್ಳಬಾರದು. ನಮ್ಮ ಕಾಟಿಗೆ ಇಂಗ್ಲಿಷರು ಆ ಹೆಸರನ್ನು ತಪ್ಪಾಗಿ ಅಂಟಿಸಿಹೋದರು.) 1872ರಲ್ಲಿ ಕ್ಯಾನ್ಸಾಸ್‌ನ ಡಾಡ್ಜ್ ಸಿಟಿಗೆ ರೈಲು ತಲುಪಿತು. ಬೈಸನ್ ಚರ್ಮವನ್ನು ಹದಮಾಡಿ ಕಾರ್ಖಾನೆಯ ಯಂತ್ರಗಳಿಗೆ ಪಟ್ಟಿ ಮಾಡುವ ವಿದ್ಯೆ ಆ ಹೊತ್ತಿಗೆ ಕೈಗೂಡಿತ್ತು. ಶಾರ್ಪ್ಸ್ ರೈಫಲ್ ಹಿಡಿದ ಬೇಟೆಗಾರರು ಬಯಲಿಗೆ ಇಳಿದರು. ಅಂಗಡಿಯ ತೋಟಾ ದುಬಾರಿ, ಅಂಗಡಿಯೋ ದಿನಗಟ್ಟಲೆ ದೂರ. ಆದ್ದರಿಂದ ಬಂಡಿಯಲ್ಲಿ ಸೀಸದ ಗಟ್ಟಿಗಳನ್ನೂ ಮದ್ದಿನ ಪೀಪಾಯಿಗಳನ್ನೂ ಹೇರಿಕೊಂಡು ಹೋಗುವುದು ರೂಢಿಯಾಯಿತು. ರಾತ್ರಿ ಬೆಂಕಿಯ ಮುಂದೆ ಕುಳಿತು ಸೀಸ ಕರಗಿಸಿ ಅಚ್ಚಿಗೆ ಎರೆಯುವುದು, ಹಗಲು ಹಾರಿಸಿದ ಕೋಶಗಳನ್ನು ತೊಳೆದು ತುಂಬುವುದು ಅವರ ನಿತ್ಯಕರ್ಮ.

ಲೆಕ್ಕ ಸರಳವಾದುದು. ಒಂದು ಪೌಂಡಿಗೆ 7,000 ಗ್ರೇನ್. ದೊಡ್ಡ ಶಾರ್ಪ್ಸ್ ತೋಟಾ ಒಂದಕ್ಕೆ 90 ಗ್ರೇನ್ ಮದ್ದು ಬೇಕೆಂದರೂ ಪೌಂಡ್ ಮದ್ದಿನಲ್ಲಿ 77 ತೋಟಾ ಆಗುತ್ತವೆ. 25 ಪೌಂಡಿನ ಪೀಪಾಯಿಯಲ್ಲಿ 1,900ಕ್ಕೂ ಹೆಚ್ಚು. ಗುಂಡು 500 ಗ್ರೇನ್ ತೂಗಿದರೆ ಪೌಂಡ್ ಸೀಸಕ್ಕೆ 14. ಕೇಪು ಅಗ್ಗ, ಕೋಶ ಪುಕ್ಕಟೆ. ತೋಟಾ ಒಂದರ ಲೆಕ್ಕದಲ್ಲಿ ಉಳಿತಾಯವಾಯಿತು ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಉಳಿದ ಹಣ ಉಳಿದೇ ಇತ್ತೆ? ತೋಟಾ ಅಗ್ಗವಾದ ಬೇಟೆಗಾರ ಬೇಗ ಮನೆಗೆ ಮರಳಲಿಲ್ಲ, ಇನ್ನಷ್ಟು ಹಾರಿಸಿದ. ಚರ್ಮಕ್ಕೆ ಬೆಲೆ ಇರುವವರೆಗೆ ಅದೇ ಬುದ್ಧಿವಂತಿಕೆ. ಬೈಸನ್‌ಗಳ ನಾಶಕ್ಕೆ ರೈಲು, ಮಾರುಕಟ್ಟೆ, ಮೂಲನಿವಾಸಿಗಳ ಆಹಾರ ಮುಗಿಯಲಿ ಎಂಬ ರಾಜಕಾರಣ ಎಲ್ಲವೂ ಕಾರಣ. ಅದನ್ನು ಅಚ್ಚಿನ ಮೇಲೆ ಹೊರಿಸುವುದು ಸಲ್ಲದು. ಆದರೂ ಊರಿನಿಂದ ವಾರಗಳಷ್ಟು ದೂರದಲ್ಲಿ ಬೇಟೆಯನ್ನು ನಿಲ್ಲಿಸದಂತೆ ನಡೆಸಿದ್ದರಲ್ಲಿ ಆ ಬೆಂಕಿಯ ಮುಂದಿನ ಮಿತವ್ಯಯಕ್ಕೂ ಪಾಲಿದೆ ಎಂದೇ ನಾವು ತಿಳಿಯುತ್ತೇವೆ. ಕೋಟಿಗಳಲ್ಲಿ ಎಣಿಸುತ್ತಿದ್ದ ಆ ಪ್ರಾಣಿಗಳಲ್ಲಿ 1889ರ ಆರಂಭಕ್ಕೆ ಜೀವಂತವಾಗಿ ಉಳಿದವು, ವಿಲಿಯಂ ಹಾರ್ನಡೆಯವರ ಗಣತಿಯಂತೆ, 1,091.

ಅಮೆರಿಕದ ಸೇನೆ ಈ ದಾರಿಗೆ ತಡವಾಗಿ ಬಂತು. 1870ರ ದಶಕದಲ್ಲಿ ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಶಸ್ತ್ರಾಗಾರ ತಯಾರಿಸುತ್ತಿದ್ದ ತಾಮ್ರದ ತೋಟಾಗಳಲ್ಲಿ ಕೇಪು ಒಳಗೇ ಅಡಗಿರುತ್ತಿತ್ತು. ಅವನ್ನು ಮತ್ತೆ ತುಂಬಲು ಬರುತ್ತಿರಲಿಲ್ಲ. ಕೇಪನ್ನು ಹೊರಗಿನಿಂದ ಕೂರಿಸುವ ಕೋಶಗಳು 1880ರ ದಶಕದಲ್ಲಿ ಬಂದ ಮೇಲೆ ತುಕಡಿಗಳಿಗೆ ಉಪಕರಣಗಳನ್ನು ಕೊಟ್ಟು, ಗುರಿಯ ಅಭ್ಯಾಸಕ್ಕೆ ಬೇಕಾದ ತೋಟಾಗಳನ್ನು ಸೈನಿಕರಿಂದಲೇ ತುಂಬಿಸಲಾಯಿತು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಈ ಉಳಿತಾಯದ ಗುಟ್ಟು ತಟ್ಟನೆ ಹೊಳೆಯುತ್ತದೆ. ತೋಟಾದ ವೆಚ್ಚ ಒಂದು ಲೆಕ್ಕಶೀರ್ಷಿಕೆ, ಸೈನಿಕನ ಸಂಬಳ ಇನ್ನೊಂದು. ಅವನು ತುಂಬಲಿ, ಬಿಡಲಿ, ಸಂಬಳ ಅಷ್ಟೇ. ಹೀಗಾಗಿ ಅವನ ಗಂಟೆಗಳಿಗೆ ಬೆಲೆಯೇ ಇಲ್ಲವೆಂದು ಕಾಗದ ಹೇಳುತ್ತದೆ. ಬೇಟೆಗಾರನ ರಾತ್ರಿಗಳೂ ಹಾಗೆಯೇ ಲೆಕ್ಕದಿಂದ ಹೊರಗೆ ಬಿದ್ದಿದ್ದವು.

ಈ ಅಭ್ಯಾಸ ಅಮೆರಿಕದಲ್ಲೇ ಬೇರೂರಿದ್ದಕ್ಕೆ ಕಾರಣ ಒಂದು ವಿನೋದ. ಇಂಗ್ಲೆಂಡಿನ ವುಲಿಚ್‌ನಲ್ಲಿದ್ದ ಕರ್ನಲ್ ಬಾಕ್ಸರ್ ರೂಪಿಸಿದ ಕೇಪಿನಲ್ಲಿ ಅಡಿಗಲ್ಲಿನಂಥ ಪುಟ್ಟ ತುಂಡು ಕೇಪಿನೊಳಗೇ ಇತ್ತು. ಕೋಶದ ನಡುವಿನ ಒಂದೇ ರಂಧ್ರದ ಮೂಲಕ ಕಡ್ಡಿ ತೂರಿಸಿದರೆ ಹಳೆಯ ಕೇಪು ಹೊರಗೆ ಬೀಳುತ್ತದೆ. ಅಮೆರಿಕದ ಬರ್ಡನ್ ಆ ಅಡಿಗಲ್ಲನ್ನು ಕೋಶಕ್ಕೇ ಸೇರಿಸಿ ಪಕ್ಕಕ್ಕೆ ಸಣ್ಣ ರಂಧ್ರಗಳನ್ನಿಟ್ಟ. ಕಡ್ಡಿಯ ಉಪಾಯ ಅಲ್ಲಿ ನಡೆಯದು. ಅಮೆರಿಕ ಕೊನೆಗೆ ಇಂಗ್ಲಿಷನ ಕೇಪನ್ನು ನೆಚ್ಚಿಕೊಂಡಿತು, ಯೂರೋಪಿನ ಸೇನೆಗಳು ಅಮೆರಿಕನ್ನನದನ್ನು. 1884ರಲ್ಲಿ ಕನೆಕ್ಟಿಕಟ್‌ನ ಜಾನ್ ಬಾರ್ಲೋ ಐಡಿಯಲ್ ಎಂಬ ಹೆಸರಿನಲ್ಲಿ ಕೈಯಿಕ್ಕಳದಂಥ ಉಪಕರಣ ಮಾರತೊಡಗಿದಾಗ ರೈತನೂ ಅಡುಗೆಮನೆಯ ಮೇಜಿನ ಮೇಲೆ ತೋಟಾ ತುಂಬಬಹುದಾಯಿತು.

ಹೊಗೆರಹಿತ ಮದ್ದು ಬಂದಾಗ ಲೆಕ್ಕ ಕೆಲಕಾಲ ಕೆಟ್ಟಿತು. ಹಳೆಯ ಕೇಪುಗಳಲ್ಲಿದ್ದ ಪಾದರಸವನ್ನು ಕರಿಮದ್ದಿನ ಮಸಿ ಹೀರಿಕೊಳ್ಳುತ್ತಿತ್ತು. ಮಸಿ ಇಲ್ಲವಾದೊಡನೆ ಪಾದರಸ ಹಿತ್ತಾಳೆಗೇ ಹತ್ತಿ ಕೋಶ ಗಡುಸಾಗಿ ಬಿರಿಯತೊಡಗಿತು. ಪುಕ್ಕಟೆಯೆಂದುಕೊಂಡ ಕೋಶವೇ ಅಪಾಯವಾಯಿತು.

ಅಗ್ಗದ ಕಾಲ ಮರಳಿದ್ದು ಎರಡನೆಯ ಮಹಾಯುದ್ಧದ ತರುವಾಯ. ಸೇನೆಯಲ್ಲಿ ಉಳಿದುಹೋದ ಮದ್ದನ್ನು ಕ್ಯಾನ್ಸಾಸ್‌ನ ಬ್ರೂಸ್ ಹಾಡ್ಜನ್ ರಾಶಿಗಟ್ಟಲೆ ಕೊಂಡು ಕಡಿಮೆ ಬೆಲೆಗೆ ಹವ್ಯಾಸಿಗಳಿಗೆ ಮಾರಿದರು. ಯುದ್ಧಕಾಲದಲ್ಲಿ ಗುಂಡು ಸಿಗದಿದ್ದಾಗ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್, ಎಸೆದ ಪುಟ್ಟ .22 ಕೋಶಗಳನ್ನೇ ಒತ್ತಿ ಗುಂಡಿನ ಹೊರಕವಚ ಮಾಡುವ ಅಚ್ಚನ್ನು ರೂಪಿಸಿದ್ದರು. ತೋಟಾ ತುಂಬುವುದು ಹೀಗೆ ಉದ್ಯಮವೇ ಆಯಿತು: ಒತ್ತುಯಂತ್ರ, ತಕ್ಕಡಿ, ಅಚ್ಚು, ಕೈಪಿಡಿ. ವರ್ಷಕ್ಕೆ ಎರಡು ಪೆಟ್ಟಿಗೆ ಹಾರಿಸುವವನಿಗೆ ಆ ಯಂತ್ರದ ಬೆಲೆ ಬೇಗ ತೀರುವಂಥದ್ದಲ್ಲ. ಸಾವಿರಗಟ್ಟಲೆ ಹಾರಿಸುವವನಿಗೆ ತೀರುತ್ತದೆ. ಆದರೆ ಅವನು ಹಾರಿಸುವುದು ಸಾವಿರಗಟ್ಟಲೆಯಾಗಿರುತ್ತದೆ. ಒಂದು ವರ್ಗಕ್ಕೆ ಮಾತ್ರ ಈ ಲೆಕ್ಕ ತಟ್ಟುವುದಿಲ್ಲ. ಅಜ್ಜನ ಕಾಲದ ದೊಡ್ಡ ಶಾರ್ಪ್ಸ್ ರೈಫಲ್ ಇಟ್ಟುಕೊಂಡವರಿಗೆ ಬೇಕಾದ ತೋಟಾ ಬಹುತೇಕ ಅಂಗಡಿಗಳಲ್ಲಿ ಇಲ್ಲ. ಅವರು ಇಂದಿಗೂ ಸೀಸ ಕರಗಿಸಿ ಅಚ್ಚಿಗೆ ಎರೆಯುತ್ತಾರೆ.