ಬೆಂಗಳೂರು ಎಫ್‌ಸಿ: ಹುಟ್ಟಿದ ವರ್ಷವೇ ಚಾಂಪಿಯನ್ (2013-14)

ಹಿಂದೂಪುರ, ಕಲ್ಯಾಣದುರ್ಗ, ಮಡಕಶಿರಾ, ರಾಯದುರ್ಗದ ನಮ್ಮ ಮನೆಗಳಲ್ಲಿ ಆಟದ ಮಾತು ಬಂದರೆ ಅದು ಕ್ರಿಕೆಟ್ಟೇ. ಫುಟ್ಬಾಲ್ ಆಡುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಆ ಆಟದ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಓದಲು ಸಿಗುವುದು ಕಡಿಮೆ. ಆದ್ದರಿಂದ ಈ ಪುಟದಲ್ಲಿ ಒಂದು ಕ್ಲಬ್‌ನ ಒಂದು ಋತುವಿನ ವಿವರಗಳನ್ನು ದಾಖಲಿಸುತ್ತಿದ್ದೇವೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, 2014ರ ಏಪ್ರಿಲ್‌ನಲ್ಲಿ ದೇಶದ ಲೀಗ್ ಚಾಂಪಿಯನ್ ಆಯಿತು. ಗಡಿಯ ಈಚೆ ಇರುವ ನಾವು ಈ ಋತುವನ್ನು ನೆನಪಿಟ್ಟುಕೊಳ್ಳಲು ಬೇರೆ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಅದಕ್ಕೂ ಮುಂಚೆ

ಬೆಂಗಳೂರಿಗೆ ಫುಟ್ಬಾಲ್ ಹೊಸದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈನ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ ಸೇನಾ ತಂಡಗಳ ಸೊತ್ತಿನಂತಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಇದೇ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ತಂಡ ನಾಲ್ಕು ಬಾರಿ ಗೆದ್ದಿದೆ: 1946-47, 1952-53, 1967-68 ಮತ್ತು 1968-69ರಲ್ಲಿ. 1977ರಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ ಅನ್ನು ಬೆಂಗಳೂರಿನ ಐಟಿಐ ತಂಡ ಗೆದ್ದುಕೊಂಡಿತು.

ಆ ಕಾಲದಲ್ಲಿ ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದ್ದು ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಾರ್ಖಾನೆಯ ಕೆಲಸ. ವೃತ್ತಿಪರ ಲೀಗ್ ಬಂದಮೇಲೆ ಈ ಪದ್ಧತಿ ಹಿಂದೆ ಬಿತ್ತು. 2007-08ರಲ್ಲಿ ಐ-ಲೀಗ್ ಶುರುವಾಯಿತು. ಅದರಲ್ಲಿ ಆಡುತ್ತಿದ್ದ ಎಚ್‌ಎಎಲ್ 2011-12ರ ಋತು ಮುಗಿದಾಗ ಕೆಳಗಿನ ಹಂತಕ್ಕೆ ಇಳಿಯಿತು. 2012-13ರಲ್ಲಿ ದೇಶದ ಅಗ್ರ ಲೀಗ್‌ನಲ್ಲಿ ಬೆಂಗಳೂರಿನ ಒಂದು ತಂಡವೂ ಇರಲಿಲ್ಲ.

ಇನ್ನೊಂದು ಸಂಗತಿ. ಐ-ಲೀಗ್‌ನ ಮೊದಲ ಆರು ಋತುಗಳನ್ನು ಗೆದ್ದವರು ಗೋವಾದವರೇ. ಡೆಂಪೊ ಮೂರು ಬಾರಿ, ಚರ್ಚಿಲ್ ಬ್ರದರ್ಸ್ ಎರಡು ಬಾರಿ, ಸಾಲ್ಗಾಂವ್ಕರ್ ಒಂದು ಬಾರಿ. ಕೋಲ್ಕತ್ತದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್‌ನಂಥ ನೂರು ವರ್ಷದ ಆಸುಪಾಸಿನ ಕ್ಲಬ್‌ಗಳಿಗೂ ಈ ಪಟ್ಟ ಸಿಕ್ಕಿರಲಿಲ್ಲ.

ಎರಡು ತಿಂಗಳಲ್ಲಿ ಒಂದು ತಂಡ

ಹೊಸ ಊರುಗಳಿಂದ ಕ್ಲಬ್‌ಗಳು ಬರಲಿ ಎಂದು ಅಖಿಲ ಭಾರತ ಫುಟ್ಬಾಲ್ ಒಕ್ಕೂಟ ಉದ್ಯಮ ಸಂಸ್ಥೆಗಳಿಂದ ಅರ್ಜಿ ಕರೆದಿತ್ತು. ಬೆಂಗಳೂರಿನ ಅವಕಾಶ ಜೆಎಸ್‌ಡಬ್ಲ್ಯೂ ಸಮೂಹಕ್ಕೆ ಸಿಕ್ಕಿತು. ಬಳ್ಳಾರಿ ಕಡೆ ನಂಟಿರುವ ನಮ್ಮ ಸದಸ್ಯರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಈ ಹೆಸರು ಪರಿಚಿತ. 2013ರ ಜುಲೈ 20ರಂದು ಕ್ಲಬ್ ಅಧಿಕೃತವಾಗಿ ಶುರುವಾಯಿತು. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ತರಬೇತುದಾರರಾದರು.

ನಾಯಕ ಸುನಿಲ್ ಚೆಟ್ರಿ. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನಿಂದ ಎರವಲಾಗಿ ಬಂದು ಚರ್ಚಿಲ್ ಬ್ರದರ್ಸ್ ಪರ ಆಡಿ, ಆಗಷ್ಟೇ ಐ-ಲೀಗ್ ಗೆದ್ದಿದ್ದರು. ರಕ್ಷಣೆಗೆ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ, ನಡುವೆ ಲೈಬೀರಿಯಾದ ಜಾನ್ ಮೆನ್ಯೊಂಗರ್, ಮುಂದೆ ಆಸ್ಟ್ರೇಲಿಯಾದ ಶಾನ್ ರೂನಿ. ಜೊತೆಗೆ ಈಸ್ಟ್ ಬೆಂಗಾಲ್‌ನಿಂದ ಬಂದ ರಾಬಿನ್ ಸಿಂಗ್, ಕೇರಳದ ರಿನೊ ಆಂಟೊ, ಮಣಿಪುರದ ತೋಯ್ ಸಿಂಗ್, ಮಿಜೋರಾಂನ ಬೈಖೊಖೈ, ಗೋಲ್‌ಕೀಪರ್ ಪವನ್ ಕುಮಾರ್, ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್. ವೆಸ್ಟ್‌ವುಡ್ ಒತ್ತು ಕೊಟ್ಟದ್ದು ದೇಹದ ಕಸುವಿಗೆ, ಊಟದ ಶಿಸ್ತಿಗೆ, ತೊಂಬತ್ತನೇ ನಿಮಿಷದವರೆಗೂ ಒಂದೇ ವೇಗದಲ್ಲಿ ಓಡುವುದಕ್ಕೆ.

ಋತು ಸಾಗಿದ ಬಗೆ

ಸೆಪ್ಟೆಂಬರ್ 22ರಂದು ಬೆಂಗಳೂರಿನ ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಾಳಿ ಮೋಹನ್ ಬಾಗಾನ್. ಕ್ಲಬ್‌ನ ಇತಿಹಾಸದ ಮೊದಲ ಗೋಲನ್ನು ಶಾನ್ ರೂನಿ ಹೊಡೆದರು. ಪಂದ್ಯ 1-1ರಲ್ಲಿ ಡ್ರಾ ಆಯಿತು.

ಆ ಅಂಗಣ ಚಿಕ್ಕದು, ಹಳೆಯದು, ಕೃತಕ ಹುಲ್ಲಿನದು. ಅದರ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುತ್ತಿದ್ದ ಅಭಿಮಾನಿಗಳು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಹೆಸರಿನಲ್ಲಿ ಒಂದಾದರು. ಕ್ರಿಕೆಟ್ಟಿಗೆ ಮಾತ್ರ ಜನ ಸೇರುತ್ತಾರೆ ಎಂಬ ಮಾತು ಆ ಗ್ಯಾಲರಿಯಲ್ಲಿ ಸುಳ್ಳಾಯಿತು.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. 2014ರ ಜನವರಿಯಲ್ಲಿ ಕೇರಳದಲ್ಲಿ ನಡೆದ ಫೆಡರೇಷನ್ ಕಪ್‌ನಲ್ಲಿ ತಂಡ ಗುಂಪು ಹಂತದಲ್ಲೇ ಹೊರಬಿತ್ತು. ಲೀಗ್‌ನಲ್ಲೂ ಐದು ಪಂದ್ಯ ಸೋತಿತು. ಆದರೆ ಲೀಗ್ ಎಂದರೆ ಒಂದು ದಿನದ ಆಟವಲ್ಲ. ಹದಿಮೂರು ತಂಡಗಳು, ಒಬ್ಬೊಬ್ಬರ ಜೊತೆ ತವರಿನಲ್ಲೊಮ್ಮೆ ಹೊರಗೊಮ್ಮೆ, ಒಟ್ಟು 24 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಬೆಂಗಳೂರು 14 ಗೆದ್ದು 5 ಡ್ರಾ ಮಾಡಿಕೊಂಡು 47 ಅಂಕ ಗಳಿಸಿತು. ಎರಡನೆಯ ಸ್ಥಾನದ ಈಸ್ಟ್ ಬೆಂಗಾಲ್ 12 ಗೆದ್ದು 7 ಡ್ರಾ ಮಾಡಿಕೊಂಡು 43ಕ್ಕೆ ನಿಂತಿತು. ಇಬ್ಬರೂ ಸೋತದ್ದು ಐದೈದೇ. ಎರಡು ಡ್ರಾಗಳ ಜಾಗದಲ್ಲಿ ಎರಡು ಗೆಲುವು ಇದ್ದದ್ದಷ್ಟೇ ಚಾಂಪಿಯನ್‌ಗೂ ರನ್ನರ್ಸ್ ಅಪ್‌ಗೂ ಇದ್ದ ಅಂತರ. ಚೆಟ್ರಿ 14 ಗೋಲು ಹೊಡೆದು ಆ ಋತುವಿನ ಅತಿ ಹೆಚ್ಚು ಗೋಲುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಹಂಚಿಕೊಂಡರು.

ಪಟ್ಟ ಖಚಿತವಾದದ್ದು ಏಪ್ರಿಲ್ 21ರಂದು, ಇನ್ನೊಂದು ಪಂದ್ಯ ಬಾಕಿ ಇರುವಾಗಲೇ. ಅದೂ ಗೋವಾದ ಮಡಗಾಂವ್‌ನಲ್ಲಿ, ಫತೋರ್ಡಾ ಕ್ರೀಡಾಂಗಣದಲ್ಲಿ. ಎದುರಿಗಿದ್ದದ್ದು ಮೂರು ಬಾರಿಯ ಚಾಂಪಿಯನ್ ಡೆಂಪೊ. ಬೆಂಗಳೂರು 4-2ರಿಂದ ಗೆದ್ದಿತು. ಗೋವಾದ ಆರು ವರ್ಷದ ಓಟಕ್ಕೆ ಗೋವಾದ ನೆಲದಲ್ಲೇ ತಡೆ ಬಿತ್ತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಮೊದಲ ಕ್ಲಬ್ ಎಂಬ ಹೆಸರು ಬೆಂಗಳೂರಿಗೆ ಬಂತು. 1996-97ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದಂದಿನಿಂದ ಕರ್ನಾಟಕಕ್ಕೆ ಬಂದ ಮೊದಲ ಲೀಗ್ ಕಿರೀಟವೂ ಅದೇ.

ಅದೇ ತಿಂಗಳುಗಳಲ್ಲಿ ನಮ್ಮೂರುಗಳು

ಇನ್ನು ನಮ್ಮ ಕಾರಣಕ್ಕೆ ಬರೋಣ. ಕ್ಲಬ್ ಶುರುವಾದ ಹತ್ತೇ ದಿನಕ್ಕೆ, ಜುಲೈ 30ರಂದು, ದೆಹಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ತೆಲಂಗಾಣ ರಚನೆಗೆ ಒಪ್ಪಿಗೆ ಕೊಟ್ಟಿತು. ಆಗಸ್ಟ್‌ನಲ್ಲಿ ರಾಯಲಸೀಮೆ, ಕರಾವಳಿ ಆಂಧ್ರದಲ್ಲೆಲ್ಲ ಸಮೈಕ್ಯಾಂಧ್ರ ಚಳವಳಿ ಹಬ್ಬಿತು. ನೌಕರರು ಮುಷ್ಕರ ಹೂಡಿದರು, ಆರ್‌ಟಿಸಿ ಬಸ್ಸುಗಳು ಅಕ್ಟೋಬರ್‌ವರೆಗೆ ಡಿಪೊದಲ್ಲೇ ನಿಂತವು. ಬೆಂಗಳೂರಿನಲ್ಲಿ ಮೊದಲ ಪಂದ್ಯ ನಡೆದಾಗ ಅನಂತಪುರ ಜಿಲ್ಲೆಯಲ್ಲಿ ಬಂದ್, ರಸ್ತೆ ತಡೆ, ಮೆರವಣಿಗೆ. ಡೆಂಪೊ ವಿರುದ್ಧದ ಗೆಲುವಿಗೆ ಸರಿಯಾಗಿ ಆರು ವಾರಕ್ಕೆ, 2014ರ ಜೂನ್ 2ರಂದು, ರಾಜ್ಯ ಎರಡಾಯಿತು.

ಆ ಒಂದು ವರ್ಷ ನಮ್ಮೂರುಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಪ್ರಶ್ನೆ: ಯಾರು ಯಾವ ರಾಜ್ಯದವರು? ಗಡಿ ಕನ್ನಡಿಗರಾದ ನಮಗೆ ಇದು ಹಳೆಯ ಪ್ರಶ್ನೆ. ಮನೆಮಾತು ಕನ್ನಡ, ಕಚೇರಿಯ ಭಾಷೆ ತೆಲುಗು, ಆಸ್ಪತ್ರೆಗೂ ಸಂತೆಗೂ ಮದುವೆಗೂ ಆಚೆ ಈಚೆ ಓಡಾಟ. 1952-53ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಾಗ ನಮ್ಮೂರುಗಳು ಮದ್ರಾಸ್ ರಾಜ್ಯದಲ್ಲಿದ್ದವು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯಕ್ಕೆ ಸೇರಿದವು. ಬಳ್ಳಾರಿ ಜಿಲ್ಲೆಯ ಹಂಚಿಕೆಯಲ್ಲಿ ರಾಯದುರ್ಗ ಈ ಕಡೆಗೆ ಬಂದದ್ದೂ ಅದೇ ದಿನ. ರಾಜ್ಯದ ತಂಡ ಗೆದ್ದರೆ ಅದು ‘ಅವರ’ ತಂಡ ಎನ್ನುವವರು ಎರಡೂ ಕಡೆ ಸಿಗುತ್ತಾರೆ.

ಕ್ಲಬ್‌ಗೆ ಈ ಗೆರೆ ಇಲ್ಲ. ರಾಜ್ಯದ ತಂಡಕ್ಕೆ ರಾಜ್ಯದ ನೋಂದಣಿ ಬೇಕು. ಕ್ಲಬ್‌ಗೆ ಆಟ ಬಂದರೆ ಸಾಕು. 2013-14ರಲ್ಲಿ ಬೆಂಗಳೂರಿನ ನೀಲಿ ಅಂಗಿ ತೊಟ್ಟವರಲ್ಲಿ ಎಷ್ಟು ರಾಜ್ಯದವರು, ಎಷ್ಟು ದೇಶದವರಿದ್ದರು ಎಂಬುದನ್ನು ಮೇಲೆ ನೋಡಿದೆವು. ನಾಯಕ ಚೆಟ್ರಿ ನೇಪಾಳಿ ಮನೆಮಾತಿನ ಸೈನಿಕ ಕುಟುಂಬದವರು. ಅವರು 1984ರ ಆಗಸ್ಟ್ 3ರಂದು ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಅಂದರೆ ಅಂದಿನ ನಮ್ಮದೇ ಆಂಧ್ರಪ್ರದೇಶದಲ್ಲಿ. ಅವರನ್ನು ಬೆಂಗಳೂರಿನವರಲ್ಲ ಎಂದು ಆ ಪಶ್ಚಿಮದ ಗ್ಯಾಲರಿಯಲ್ಲಿ ಯಾರೂ ಹೇಳಲಿಲ್ಲ. ಹಾಗಿದ್ದಮೇಲೆ ರೈಲಿನಲ್ಲಿ ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕ ದಾಟಿದರೆ ಬೆಂಗಳೂರು ಸೇರುವ, ನೂರು ಕಿಲೋಮೀಟರು ದೂರದ ಹಿಂದೂಪುರದವರು ಅದನ್ನು ನಮ್ಮ ತಂಡ ಎನ್ನಲು ಸಂಕೋಚಪಡಬೇಕಿಲ್ಲ. ಹಾಗೆಂದಮಾತ್ರಕ್ಕೆ ಆಂಧ್ರದ ತಂಡ ನಮಗೆ ಬೇರೆಯವರದೂ ಆಗುವುದಿಲ್ಲ.

ಆಮೇಲೆ ಏನಾಯಿತು

2014-15ರಿಂದ ತವರಿನ ಪಂದ್ಯಗಳು ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋದವು. ಅದೇ ಋತುವಿನಲ್ಲಿ ಫೆಡರೇಷನ್ ಕಪ್, 2015-16ರಲ್ಲಿ ಮತ್ತೆ ಐ-ಲೀಗ್ ಬಂತು. 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೋಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿ, ಆ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು 0-1ರಿಂದ ಸೋತಿತು. 2017-18ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿ, 2018-19ರಲ್ಲಿ ಅದನ್ನೂ ಗೆದ್ದಿತು. 2022ರಲ್ಲಿ ಡುರಾಂಡ್ ಕಪ್ ಗೆದ್ದಿತು. ರಾಜ್ಯದ ತಂಡವೂ 54 ವರ್ಷದ ಬರ ನೀಗಿಸಿಕೊಂಡು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ತಂದಿತು.

ಮಕ್ಕಳಿರುವ ಮನೆಯವರಿಗೆ

ಗಡಿಯೂರಿನ ಮಗು ಫುಟ್ಬಾಲ್‌ನಲ್ಲಿ ಮುಂದೆ ಹೋಗಬೇಕೆಂದರೆ ಮೂರು ದಾರಿಗಳಿವೆ. ಮೂರೂ ಬೇರೆ ಬೇರೆ ಎಂಬುದು ಗೊತ್ತಿದ್ದರೆ ಗೊಂದಲವಿಲ್ಲ.

ಒಂದು, ಶಾಲಾ ಕ್ರೀಡಾಕೂಟ. ಇಲ್ಲಿ ಲೆಕ್ಕಕ್ಕೆ ಬರುವುದು ಶಾಲೆ ಇರುವ ರಾಜ್ಯ. ಹಿಂದೂಪುರದ ಶಾಲೆಯ ಮಗು ಆಂಧ್ರದ ಪರ, ಗೌರಿಬಿದನೂರಿನ ಶಾಲೆಗೆ ಹೋಗುವ ಮಗು ಕರ್ನಾಟಕದ ಪರ ಆಡುತ್ತದೆ. ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ.

ಎರಡು, ಜಿಲ್ಲೆ ಮತ್ತು ರಾಜ್ಯದ ತಂಡ. ಇದು ಆಯಾ ರಾಜ್ಯದ ಫುಟ್ಬಾಲ್ ಸಂಸ್ಥೆಯ ಮೂಲಕ. ಅನಂತಪುರದಲ್ಲಿ ಗ್ರಾಮೀಣಾಭಿವೃದ್ಧಿ ಸಂಸ್ಥೆ ಆರ್‌ಡಿಟಿ ಕಟ್ಟಿದ ಕ್ರೀಡಾಗ್ರಾಮದ ಅಂಗಣಗಳು ನಮ್ಮ ಭಾಗದ ಎಷ್ಟೋ ಹಳ್ಳಿ ಮಕ್ಕಳಿಗೆ ಮೊದಲ ಮೆಟ್ಟಿಲಾಗಿವೆ. ಹೆಣ್ಣುಮಕ್ಕಳೂ ಅಲ್ಲಿ ಆಡುತ್ತಾರೆ.

ಮೂರು, ಕ್ಲಬ್. ಕ್ಲಬ್‌ಗಳು ವಯೋಮಿತಿಯ ಆಯ್ಕೆ ಶಿಬಿರ ನಡೆಸುತ್ತವೆ. ಯಾವ ರಾಜ್ಯದ ಮಗುವೂ ಹೋಗಬಹುದು. ಬೇಕಾಗುವ ಮುಖ್ಯ ದಾಖಲೆ ಜನನ ಪ್ರಮಾಣಪತ್ರ. ಅದರಲ್ಲಿನ ಹೆಸರು, ಆಧಾರ್‌ನ ಹೆಸರು, ಶಾಲೆಯ ದಾಖಲೆಯ ಹೆಸರು ಒಂದೇ ಬಗೆಯಲ್ಲಿರಲಿ. ಕನ್ನಡದ ಹೆಸರು ತೆಲುಗಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಅಕ್ಷರ ಬದಲಾಗುವುದು ನಮ್ಮ ಕಡೆ ಮಾಮೂಲು. ಆಯ್ಕೆಯ ದಿನ ಹತ್ತಿರವಾದಾಗ ತಿದ್ದಿಸಲು ಓಡುವ ಬದಲು ಈಗಲೇ ನೋಡಿಕೊಳ್ಳಿ.

ಒಂದೇ ನೋಟದಲ್ಲಿ: ಬೆಂಗಳೂರು ಎಫ್‌ಸಿ, ಐ-ಲೀಗ್ 2013-14

ಸ್ಥಾಪನೆ: 2013ರ ಜುಲೈ 20
ತರಬೇತುದಾರ: ಆ್ಯಶ್ಲಿ ವೆಸ್ಟ್‌ವುಡ್
ನಾಯಕ: ಸುನಿಲ್ ಚೆಟ್ರಿ
ತವರು ಅಂಗಣ: ಬೆಂಗಳೂರು ಫುಟ್ಬಾಲ್ ಕ್ರೀಡಾಂಗಣ, ಅಶೋಕನಗರ
ಮೊದಲ ಪಂದ್ಯ: ಸೆಪ್ಟೆಂಬರ್ 22, ಮೋಹನ್ ಬಾಗಾನ್ ವಿರುದ್ಧ 1-1
ಆಡಿದ್ದು 24, ಗೆದ್ದದ್ದು 14, ಡ್ರಾ 5, ಸೋತದ್ದು 5
ಗೋಲು: ಹೊಡೆದದ್ದು 42, ಬಿಟ್ಟುಕೊಟ್ಟದ್ದು 28
ಅಂಕ: 47
ಪಟ್ಟ ಖಚಿತವಾದದ್ದು: 2014ರ ಏಪ್ರಿಲ್ 21, ಮಡಗಾಂವ್, ಡೆಂಪೊ ವಿರುದ್ಧ 4-2